ಗದ್ದಲದ ತರಗತಿಯಲ್ಲಿ ದನಿಯಿಲ್ಲದ ಮಗು

ನಮ್ಮ ಬೀದರ್ ಸೀಮೆಯಲ್ಲಿ ಹಳೆಯ ಮಾತೊಂದಿದೆ. ಮಗನನ್ನು ಸಾಲಿಗೆ ಹಾಕಲು ಬಂದ ತಂದೆ ಮಾಸ್ತರರ ಎದುರು ನಿಂತು, "ತೊಗಲು ನಿಮ್ದು, ಎಲುಬು ನಮ್ದು ನೋಡ್ರಿ ಸರ" ಎನ್ನುತ್ತಾನೆ. ಉರ್ದು ಮನೆಮಾತಿನ ತಂದೆಯಾದರೆ "ಚಮಡೀ ಆಪ್ ಕೀ, ಹಡ್ಡೀ ಹಮಾರೀ" ಎನ್ನುತ್ತಾನೆ. ಹೊಡೆದು ಬಡಿದಾದರೂ ನಾಲ್ಕು ಅಕ್ಷರ ಕಲಿಸಿ, ಜೀವ ಉಳಿದರೆ ಸಾಕು ಎಂಬುದು ಇದರ ತಾತ್ಪರ್ಯ. ಈ ಮಾತಿನಲ್ಲಿ ಗುರುವಿನ ಮೇಲೆ ಬೆಟ್ಟದಷ್ಟು ನಂಬಿಕೆ ಇದೆ, ನಿಜ. ಆದರೆ ತೊಗಲೂ ಎಲುಬೂ ಎರಡೂ ಆ ಮಗುವಿನವೇ ಎಂಬುದನ್ನು ಹೇಳುವವರೂ ಮರೆತಿರುತ್ತಾರೆ, ಕೇಳುವವರೂ ಮರೆತಿರುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಅದರ 17ನೇ ಕಲಮು ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸು ನೋಯಿಸಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬೆತ್ತ ಮೂಲೆ ಸೇರಿತು. ಈಗ ಪಾಲಕರು ಬೇರೊಂದು ರಾಗ ಹಾಡುತ್ತಾರೆ. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಒಬ್ಬರು ಕೇಳಿದರು: "ಮಕ್ಕಳಿಗಿ ಈಗ ಮಾಸ್ತರ್ ಅಂದ್ರ ಅಂಜಿಕೀನೇ ಇಲ್ರಿ ಸರ. ಬಡಿಗಿ ಇಲ್ದ ನಲವತ್ತು ಹುಡುಗರ್ನ ಹ್ಯಾಂಗ ಹಿಡಿತೀರಿ?"

ಪ್ರಶ್ನೆ ಸರಿಯಾಗಿಯೇ ಇದೆ. ಔರಾದ ತಾಲೂಕಿನ ಹಳ್ಳಿ ಶಾಲೆ, ಭಾಲ್ಕಿಯ ಶಾಲೆ, ಬೀದರ್ ನಗರದ ಶಾಲೆ, ಈ ಮೂರೂ ಕಡೆ ವಿಜ್ಞಾನ ಕಲಿಸುತ್ತ ಕಂಡುಕೊಂಡ ಕೆಲವು ಉತ್ತರಗಳನ್ನು ಈ ವಾರ ಹೇಳುತ್ತೇನೆ. ಮೊದಲೇ ಒಂದು ಮಾತು. ತರಗತಿಯ ಶಿಸ್ತು ಮಾಸ್ತರರ ತಲೆನೋವು ಕಡಿಮೆ ಮಾಡಲಿಕ್ಕೆ ಇರುವುದಲ್ಲ. ಗದ್ದಲವಿರುವ ಕಡೆ ದೊಡ್ಡ ದನಿಯ ಮಗು ಹೇಗೋ ಕಲಿತುಬಿಡುತ್ತದೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಮಗುವಿಗೆ ಸರದಿಯೇ ಬರುವುದಿಲ್ಲ. ಅದಕ್ಕೊಂದು ಸರದಿ ಸಿಗಲಿ ಎಂಬುದಕ್ಕಾಗಿಯೇ ಶಿಸ್ತು.

<b>ಮೊದಲ ಐದು ನಿಮಿಷ</b>

ಜೇಕಬ್ ಕೌನಿನ್ ಎಂಬ ಅಮೆರಿಕದ ಮನೋವಿಜ್ಞಾನಿ ಅನೇಕ ತರಗತಿಗಳನ್ನು ಚಿತ್ರೀಕರಿಸಿ, ಕುಳಿತು ನೋಡಿ, 1970ರಲ್ಲಿ ಪುಸ್ತಕ ಬರೆದರು. ಚೆನ್ನಾಗಿ ನಡೆಯುವ ತರಗತಿಗೂ ಗೊಂದಲದ ತರಗತಿಗೂ ಏನು ವ್ಯತ್ಯಾಸ ಎಂಬುದು ಅವರ ಹುಡುಕಾಟ. ತಂಟೆ ನಡೆದ ಮೇಲೆ ಶಿಕ್ಷಕರು ಹೇಗೆ ಗದರುತ್ತಾರೆ ಎಂಬುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ತಂಟೆ ನಡೆಯುವುದಕ್ಕಿಂತ ಮೊದಲು. ಒಳ್ಳೆಯ ಶಿಕ್ಷಕರ ಕಣ್ಣು ಇಡೀ ಕೋಣೆಯ ಮೇಲೆ ಇರುತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಸಮಯ ಬೀಳುತ್ತಿರಲಿಲ್ಲ.

ನಮ್ಮ ಶಾಲೆಗಳಲ್ಲಿ ಆ ಖಾಲಿ ಸಮಯ ಎಲ್ಲಿ ಬೀಳುತ್ತದೆ? ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬಂದ ಮೇಲೆ. ಮಾಸ್ತರರು ಹಾಜರಿ ಪುಸ್ತಕ ತೆರೆದು ಹೆಸರು ಕೂಗುತ್ತಾರೆ. ಒಂದು ಹೆಸರಿಗೆ ಒಂದು ಮಗು ಉತ್ತರಿಸುವಾಗ ಉಳಿದವರಿಗೆ ಕೆಲಸವಿಲ್ಲ. ಬೆನ್ನಿಗೆ ಗುದ್ದುವುದು, ಚೀಲ ಎಳೆಯುವುದು ಆಗಲೇ ಶುರುವಾಗುತ್ತದೆ.

ಇದಕ್ಕೆ ಮದ್ದು ಸುಲಭ. ಮಕ್ಕಳು ಒಳಗೆ ಬರುವ ಮೊದಲೇ ಹಲಗೆಯ ಮೇಲೆ ಒಂದು ಸಣ್ಣ ಕೆಲಸ ಬರೆದಿರಬೇಕು. ಒಂದು ಲೆಕ್ಕವಿರಬಹುದು, ಒಂದು ಒಗಟಿರಬಹುದು, "ಮನೆಯಿಂದ ಬರುವ ದಾರಿಯಲ್ಲಿ ಕಂಡ ಮೂರು ಗಿಡಗಳ ಹೆಸರು ಬರೆ" ಎಂಬುದಿರಬಹುದು. ಚೀಲ ಇಡುವುದು, ಪಾಟಿ ತೆಗೆಯುವುದು, ಬರೆಯುವುದು. ಹೇಳಬೇಕಾಗಿಯೇ ಇಲ್ಲ. ಮೊದಲ ವಾರ ನೆನಪಿಸಬೇಕಾಗುತ್ತದೆ. ಎರಡನೇ ವಾರ ಹಲಗೆ ಖಾಲಿಯಿದ್ದರೆ ಅವರೇ ಕೇಳುತ್ತಾರೆ: "ಇವತ್ತು ಏನೂ ಬರದಿಲ್ಲೇನ್ರಿ ಸರ?"

ಹಾಜರಿಯನ್ನೂ ಪಾಠ ಮಾಡಬಹುದು. 42 ಮಕ್ಕಳ ತರಗತಿಗೆ 35 ಮಂದಿ ಬಂದಿದ್ದಾರೆ. ಎಷ್ಟು ಗೈರು? ಬಂದವರು ಆರರಲ್ಲಿ ಎಷ್ಟು ಭಾಗ? ಇದನ್ನು ಪ್ರತಿದಿನ ಒಬ್ಬ ಮಗು ಗೋಡೆಯ ಕಾಗದದ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯುತ್ತ ಹೋದರೆ ವರ್ಷದ ಕೊನೆಗೆ ಒಂದು ನಕ್ಷೆ ಸಿದ್ಧವಾಗುತ್ತದೆ. ಔರಾದದ ಹಳ್ಳಿಯಲ್ಲಿ ಹಾಗೆ ಮಾಡಿದಾಗ ಗೆರೆ ಎಲ್ಲಿ ಜಾರುತ್ತದೆ ಎಂಬುದು ಮಕ್ಕಳಿಗೇ ಕಂಡಿತು. ಹೆಸರು, ಉದ್ದಿನ ರಾಶಿಯ ದಿನಗಳು, ಆಮೇಲೆ ಸೋಯಾ ರಾಶಿಯ ದಿನಗಳು. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಂತೂ ಗೆರೆ ನೆಲ ಮುಟ್ಟಿತ್ತು. ಊರಿಗೆ ಊರೇ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋದ ಮೇಲೆ ಸಾಲಿಗೆ ಯಾರು ಬರಬೇಕು? ಆ ನಕ್ಷೆಯನ್ನು ಪಾಲಕರ ಸಭೆಯಲ್ಲಿ ಗೋಡೆಗೆ ತೂಗುಹಾಕಿದೆವು. ನಾವು ಹತ್ತು ಸಲ ಹೇಳಿದರೂ ತಲೆಗೆ ಹೋಗದ ಮಾತನ್ನು ಮಕ್ಕಳು ಎಳೆದ ಆ ಗೆರೆ ಹೇಳಿತು.

<b>ದನಿ ಏರಿದಷ್ಟೂ ಗದ್ದಲ</b>

ಗದ್ದಲವಾದಾಗ ಮಾಸ್ತರರು ಕೂಗುತ್ತಾರೆ. ಕೂಗಿದರೆ ಗದ್ದಲ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಇದಕ್ಕೆ ವಿಜ್ಞಾನದ ಕಾರಣವಿದೆ. ಸುತ್ತ ಸದ್ದು ಹೆಚ್ಚಾದರೆ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದರು. ಅವರ ಹೆಸರಿನಿಂದಲೇ ಇದನ್ನು ಲೊಂಬಾರ್ ಪರಿಣಾಮ ಎನ್ನುತ್ತಾರೆ. ಸಂತೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು ಇದೇ ಕಾರಣಕ್ಕೆ. ಮಾಸ್ತರರ ಕೂಗೂ ಮಕ್ಕಳ ಕಿವಿಗೆ ಒಂದು ಸದ್ದೇ. ಅದನ್ನು ಮೀರಿ ಪಕ್ಕದವನಿಗೆ ಕೇಳಿಸಲು ಅವರು ಇನ್ನಷ್ಟು ಜೋರಾಗಿ ಮಾತಾಡುತ್ತಾರೆ. ತಗಡಿನ ಮಾಡಿನ ಕೋಣೆಯಲ್ಲಿ ಮಳೆ ಬಂದರಂತೂ ಕೇಳುವುದೇ ಬೇಡ.

ಆದ್ದರಿಂದ ಗದ್ದಲಕ್ಕೆ ಉತ್ತರ ಕೂಗಲ್ಲ, ಒಂದು ಗುರುತು. ನಾನು ಎರಡು ಚಪ್ಪಾಳೆ ನಿಧಾನವಾಗಿ, ಮೂರು ಬೇಗ ಬೇಗ ಹೊಡೆಯುತ್ತೇನೆ. ಕೇಳಿದವರು ಅದನ್ನೇ ಮರಳಿ ಹೊಡೆಯಬೇಕು. ಮೊದಲು ಮುಂದಿನ ಸಾಲು, ಆಮೇಲೆ ನಡುವಿನ ಸಾಲು, ಕೊನೆಗೆ ಹಿಂದಿನವರು. ಚಪ್ಪಾಳೆ ಹೊಡೆಯುವ ಕೈ ಪಕ್ಕದವನನ್ನು ಚಿವುಟಲಾರದು, ನೋಡಿ! ಎಲ್ಲರೂ ಹೊಡೆದು ನಿಂತ ಕ್ಷಣದ ಮೌನದಲ್ಲಿ ತಗ್ಗಿದ ದನಿಯಲ್ಲಿ ಮಾತು ಶುರು ಮಾಡಬೇಕು. ತಗ್ಗಿದ ದನಿಯನ್ನು ಕೇಳಲು ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ಮಳೆಯ ದಿನ ಮಾತೇ ಬೇಡ. ಅಂದು ಚಿತ್ರ, ಬರವಣಿಗೆ, ಓದು ಇಟ್ಟುಕೊಂಡರಾಯಿತು.

ಇನ್ನೊಂದು ಮಾತನ್ನು ಪಾಲಕರು ಗಮನಿಸಬೇಕು. ಎಲ್ಲ ಸದ್ದೂ ಗದ್ದಲವಲ್ಲ. ನಾಲ್ಕು ಮಕ್ಕಳು ಒಂದು ಅಯಸ್ಕಾಂತದ ಸುತ್ತ ಕುಳಿತು ಮೊಳೆ ಅಂಟುತ್ತದೋ, ಬಳಪ ಅಂಟುತ್ತದೋ ಎಂದು ವಾದ ಮಾಡಿದರೆ ಸದ್ದಾಗಿಯೇ ಆಗುತ್ತದೆ. ಅದು ಕಲಿಕೆಯ ಸದ್ದು. ಶಾಲೆಯ ಮುಂದೆ ಹಾದುಹೋಗುವಾಗ ಸದ್ದು ಕೇಳಿದರೆ ಮಾಸ್ತರರು ಇಲ್ಲವೆಂದು ತಿಳಿಯಬೇಡಿ. ಒಳಗೆ ಬಂದು ನೋಡಿ.

<b>ಮೂರರವರೆಗೆ ಎಣಿಸಿ</b>

ಪ್ರಶ್ನೆ ಕೇಳಿದ ಕೂಡಲೇ ಮುಂದಿನ ಸಾಲಿನ ಆರು ಕೈಗಳು ಮೇಲೇಳುತ್ತವೆ. ಅವರಲ್ಲೊಬ್ಬರು ಉತ್ತರ ಹೇಳುತ್ತಾರೆ. ಪಾಠ ಮುಂದೆ ಓಡುತ್ತದೆ. ನೋಡುವವರಿಗೆ ಬಲು ಚುರುಕಿನ ತರಗತಿ. ಆದರೆ ಉಳಿದ ಮೂವತ್ತಾರು ಮಕ್ಕಳಿಗೆ ಯೋಚಿಸುವ ಅಗತ್ಯವೇ ಬರಲಿಲ್ಲ.

ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಇದನ್ನೇ ಗಡಿಯಾರ ಹಿಡಿದು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಕಾರಣ ಸಮೇತ ಬಂದವು, ಎಂದೂ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದರೆ ಸಾಕು.

ನನ್ನ ಮೇಜಿನ ಮೇಲೆ ಒಂದು ಹಳೆಯ ಡಬ್ಬಿ ಇರುತ್ತದೆ. ಅದರಲ್ಲಿ ಎಲ್ಲ ಮಕ್ಕಳ ಹೆಸರಿನ ಚೀಟಿಗಳು. ಮೊದಲು ಪ್ರಶ್ನೆ, ಆಮೇಲೆ ಮೂರರ ಎಣಿಕೆ, ಅದಾದ ಮೇಲೆ "ನಿನ್ನ ಪಕ್ಕದವರ ಜೊತೆ ಒಂದು ನಿಮಿಷ ಮಾತಾಡು", ಕೊನೆಗೆ ಚೀಟಿ. ಈ ಕ್ರಮ ತಪ್ಪಬಾರದು. ಮೊದಲೇ ಹೆಸರು ಕೂಗಿದರೆ ಉಳಿದವರು ನಿಶ್ಚಿಂತರಾಗುತ್ತಾರೆ. ಪಕ್ಕದವರೊಡನೆ ಒಮ್ಮೆ ಹೇಳಿ ನೋಡಿದ ಮಾತನ್ನು ಎಲ್ಲರ ಮುಂದೆ ಹೇಳುವುದು ಅಷ್ಟು ಕಷ್ಟವಲ್ಲ.

ಔರಾದ ಕಡೆಯ ತಾಂಡಾವೊಂದರಿಂದ ಬರುತ್ತಿದ್ದ ಹುಡುಗಿ ಆರನೇ ತರಗತಿಗೆ ಸೇರಿ ಎರಡು ತಿಂಗಳಾದರೂ ತುಟಿ ಎರಡು ಮಾಡಿರಲಿಲ್ಲ. ಮನೆಯಲ್ಲಿ ಲಂಬಾಣಿ ಮಾತು, ಶಾಲೆಯಲ್ಲಿ ಕನ್ನಡ. ಸಹಪಾಠಿಗಳು "ಆಕಿಗಿ ಏನೂ ಬರಂಗಿಲ್ರಿ ಸರ" ಎಂದು ತೀರ್ಪನ್ನೂ ಕೊಟ್ಟಾಗಿತ್ತು. ಒಂದು ದಿನ ಬೀಜ ಮೊಳೆಯುವ ಪಾಠ. "ಬಿತ್ತಿದ ಮರುದಿನವೇ ಜೋರು ಮಳೆ ಬಿದ್ದು ಬಿಸಿಲು ಬಂದರೆ ಸೋಯಾ ಸರಿಯಾಗಿ ಮೊಳೆಯುವುದಿಲ್ಲ. ನೀರು ಸಿಕ್ಕಿದೆಯಲ್ಲ, ಮತ್ತೇಕೆ?" ಎಂದು ಕೇಳಿದೆ. ಚೀಟಿಯಲ್ಲಿ ಅವಳ ಹೆಸರು ಬಂತು. ಪಕ್ಕದ ಗೆಳತಿ ಮೊಣಕೈಯಿಂದ ತಿವಿದಳು. ಹುಡುಗಿ ನೆಲ ನೋಡುತ್ತಲೇ ಹೇಳಿದಳು: "ನೆಲ ಬಿಗೀತದರಿ ಸರ. ಬೀಜಕ್ಕ ಉಸರು ಸಿಗಂಗಿಲ್ಲ."

ಪುಸ್ತಕದಲ್ಲಿ ಇರುವುದೂ ಅದೇ. ಮೊಳೆಯಲು ನೀರು, ತಕ್ಕ ಶಾಖ, ಗಾಳಿ ಮೂರೂ ಬೇಕು. ಮಳೆಗೆ ಕಪ್ಪು ಮಣ್ಣಿನ ಮೇಲ್ಪದರ ಗಟ್ಟಿಕಟ್ಟಿದರೆ ಗಾಳಿ ಒಳಗೆ ಹೋಗದು, ಮೊಳಕೆಯೂ ಹೊರಗೆ ಬಾರದು. ತಂದೆಯ ಹಿಂದೆ ಕೂರಿಗೆ ಜೊತೆ ನಡೆದ ಮಗುವಿಗೆ ಇದು ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಕೇಳಿದವರು ಕಾದಿರಲಿಲ್ಲ, ಅಷ್ಟೇ. ಆ ದಿನದಿಂದ ತರಗತಿ ಅವಳ ಬಗ್ಗೆ ತನ್ನ ತೀರ್ಪನ್ನು ಹಿಂದಕ್ಕೆ ಪಡೆಯಿತು.

<b>ಒಂದು ಗೋಡೆ, ಹಲವು ಭಾಷೆ</b>

ಮೂರು ರಾಜ್ಯ ಕೂಡುವ ಜಾಗ ನಮ್ಮದು. ಒಂದೇ ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳು ಕೂಡುವುದು ಇಲ್ಲಿ ದಿನನಿತ್ಯದ ಸಂಗತಿ. ಭಾಷೆಯ ಬೆಲೆಯೂ ಈ ನೆಲಕ್ಕೆ ಗೊತ್ತು. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದಿದ್ದಾಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಬೀದರ್ ಜಿಲ್ಲೆಯ ಪ್ರತಿ ಮನೆಯೂ ಬಲ್ಲದು. ಮಗುವಿಗೆ ತನ್ನ ಮಾತಿನಲ್ಲಿ ಕಲಿಯುವ ಅವಕಾಶ ಬೇಕು ಎಂಬುದೇ ಆ ಹಿರಿಯರ ಹಟವಾಗಿತ್ತು. 1956ರ ನವೆಂಬರ್ 1ರಂದು ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350-ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಹೇಳಿತು. ನಮ್ಮಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರಕಾರಿ ಶಾಲೆಗಳಿವೆ.

ಆದರೆ ತರಗತಿಯೊಳಗೆ ಕಾಯ್ದೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಗೋಡೆ. ಪಾಠದ ಮುಖ್ಯ ಪದವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಅದರ ಕೆಳಗೆ ಮಕ್ಕಳ ಮನೆಯ ಪದಗಳನ್ನು ಬರೆಸುವುದು. ಕನ್ನಡದಲ್ಲಿ ಗಾಳಿ, ತೆಲುಗಿನಲ್ಲಿ ಗಾಲಿ, ಉರ್ದುವಿನಲ್ಲಿ ಹವಾ, ಮರಾಠಿಯಲ್ಲಿ ವಾರಾ. ನಮ್ಮ ನೀರು ಮರಾಠಿಗೆ ಪಾಣಿ, ಉರ್ದುವಿಗೆ ಪಾನಿ, ತೆಲುಗಿಗೆ ನೀಳ್ಳು. ಇದರಿಂದ ಕನ್ನಡಕ್ಕೆ ಕೊರತೆಯಾಗುವುದಿಲ್ಲ. ತನ್ನ ಮನೆಯ ಮಾತು ಗೋಡೆಯ ಮೇಲೆ ಕಂಡ ಮಗು ಕನ್ನಡದ ಪದವನ್ನು ಇನ್ನೂ ಬೇಗ ಹಿಡಿಯುತ್ತದೆ. ಮಾತು ತಿಳಿಯದೆ ಪಿಳಿಪಿಳಿ ನೋಡುವ ಮಗುವೇ ಸ್ವಲ್ಪ ಹೊತ್ತಿಗೆ ಬೇಸತ್ತು ತಂಟೆಗೆ ಇಳಿಯುವುದು ಎಂಬುದನ್ನು ಮರೆಯಬಾರದು.

<b>ತುಂಟನೋ, ಕಣ್ಣು ಕಾಣದವನೋ?</b>

ಹಲಗೆಯ ಮೇಲಿರುವುದನ್ನು ತಪ್ಪಾಗಿ ಬರೆಯುವ, ಪದೇಪದೇ ಪಕ್ಕದವನ ಪುಸ್ತಕಕ್ಕೆ ಇಣುಕುವ, ಎದ್ದೆದ್ದು ಮುಂದೆ ಬರುವ ಹುಡುಗನಿಗೆ "ತುಂಟ" ಎಂದು ಹೆಸರಿಡುವ ಮೊದಲು ಒಂದು ಪರೀಕ್ಷೆ ಮಾಡಿ. ಹಲಗೆಯಿಂದ ಸುಮಾರು 6 ಮೀಟರ್ ದೂರ ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಉಳಿದ ಮಕ್ಕಳು ಸಲೀಸಾಗಿ ಓದುವ ಅಕ್ಷರ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ತಡವರಿಸಿದರೆ ಆಸ್ಪತ್ರೆಗೆ ಕಳುಹಿಸಿ. ಕಣ್ಣುಗುಡ್ಡೆ ತುಸು ಉದ್ದವಾಗಿ ಬೆಳೆದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಇದೇ ಸಮೀಪದೃಷ್ಟಿ. ಮಗುವಿಗೆ ತನಗೆ ಕಾಣುತ್ತಿಲ್ಲ ಎಂಬುದೇ ತಿಳಿದಿರುವುದಿಲ್ಲ. ಜಗತ್ತು ಎಲ್ಲರಿಗೂ ಹೀಗೆಯೇ ಮಬ್ಬಾಗಿರುತ್ತದೆ ಎಂದುಕೊಂಡಿರುತ್ತದೆ! ಕನ್ನಡಕ ಬಂದ ವಾರದಲ್ಲಿ ತುಂಟತನ ಮಾಯವಾದ ಮಕ್ಕಳನ್ನು ನಾನು ಕಂಡಿದ್ದೇನೆ. ಕಿವಿಯ ಸಂಗತಿಯೂ ಹೀಗೆಯೇ. ಕರೆದರೆ ತಿರುಗದ ಮಗುವಿಗೆ ಸೊಕ್ಕಿದೆ ಎನ್ನುವ ಮೊದಲು ಕಿವಿ ತೋರಿಸಿ.

ಇನ್ನು ಹಸಿವು. ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು. ಊಟ ಬಂದ ಮೇಲೆ ಮಧ್ಯಾಹ್ನದ ತರಗತಿ ನಡೆಸುವುದು ಎಷ್ಟು ಹಗುರವಾಯಿತು ಎಂಬುದನ್ನು ಹಳೆಯ ಶಿಕ್ಷಕರನ್ನು ಕೇಳಬೇಕು. ಆದರೂ ಬೆಳಗಿನ ಹೊತ್ತು ಬರೀ ಚಹಾ ಕುಡಿದು ಬರುವ ಮಕ್ಕಳು ಇಂದಿಗೂ ಇದ್ದಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಅವರ ಗಮನ ಜಾರುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಅವ್ವಂದಿರೇ, ರಾತ್ರಿಯ ಅರ್ಧ ರೊಟ್ಟಿ ಇದ್ದರೂ ಮಗುವಿನ ಹೊಟ್ಟೆಗೆ ಹಾಕಿ ಕಳುಹಿಸಿ. ಬೀದರ್ ನಗರದ ಮಕ್ಕಳಲ್ಲಿ ಹಸಿವಿಗಿಂತ ನಿದ್ದೆಯ ಕೊರತೆ ಹೆಚ್ಚು. ಕಾರಣ ಕೇಳಬೇಕಿಲ್ಲ, ಅದು ನಿಮ್ಮ ದಿಂಬಿನ ಪಕ್ಕದಲ್ಲೇ ಬೆಳಗುತ್ತಿರುತ್ತದೆ.

<b>ಕೈಗೊಂದು ಕೆಲಸ</b>

ಕೆಲಸವಿಲ್ಲದ ಕೈಗೆ ತಂಟೆಯೇ ಕೆಲಸ. ಆದ್ದರಿಂದ ತರಗತಿಯ ಪ್ರತಿ ಮಗುವಿಗೂ ವಾರಕ್ಕೊಂದು ಹೊಣೆ ಇರಲಿ. ಕುಡಿಯುವ ನೀರು, ಹಲಗೆ ಒರೆಸುವುದು, ಗಿಡಗಳಿಗೆ ನೀರು, ಗ್ರಂಥಾಲಯದ ಪುಸ್ತಕ, ಬಿಸಿಯೂಟದ ಸಾಲಿನಲ್ಲಿ ಸಣ್ಣವರ ಕೈ ತೊಳೆಸುವುದು. ಸೋಮವಾರ ಹೊಣೆ ಬದಲಾಗಬೇಕು. ಗುಡಿಸುವುದು ಹುಡುಗಿಯರಿಗೆ, ಗಂಟೆ ಬಾರಿಸುವುದು ಹುಡುಗರಿಗೆ ಎಂಬ ಭೇದ ಸಲ್ಲದು. ಅತಿ ಹೆಚ್ಚು ತಂಟೆ ಮಾಡುವವನಿಗೆ ಅತಿ ಹೆಚ್ಚು ನಂಬಿಕೆ ಬೇಡುವ ಕೆಲಸ ಕೊಡಬೇಕೆಂಬುದು ನನ್ನ ಅನುಭವ. ಸೂಕ್ಷ್ಮದರ್ಶಕದ ಪೆಟ್ಟಿಗೆಯ ಕೀಲಿ ಅವನ ಜೇಬಿನಲ್ಲಿದ್ದರೆ ಅವನ ನಡಿಗೆಯೇ ಬದಲಾಗುತ್ತದೆ.

ಮಕ್ಕಳು ಮಕ್ಕಳಿಗೆ ಕಲಿಸುವುದು ಹೊಸತೇನಲ್ಲ. ಮದ್ರಾಸಿನ ಅನಾಥಾಲಯದ ಶಾಲೆಯ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್ ನಮ್ಮ ನಾಡಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ ಕಲಿಯುವುದನ್ನು ಕಂಡು ತಮ್ಮ ಶಾಲೆಯಲ್ಲೂ ಅದನ್ನೇ ತಂದರು. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದರು. 1797ರಲ್ಲಿ ಅವರು ಬರೆದ ವರದಿಯಿಂದ ಅದು 'ಮದ್ರಾಸ್ ಪದ್ಧತಿ' ಎಂದು ಇಂಗ್ಲೆಂಡಿನಲ್ಲಿ ಹೆಸರಾಯಿತು. ಇನ್ನೂರು ವರ್ಷಗಳ ಬಳಿಕ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಪದ್ಧತಿ ನೋಡಿ ಬಂದು 'ನಲಿಕಲಿ' ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಒಂದು ಗುಂಪು ಶಿಕ್ಷಕರ ನೆರವಿನಿಂದ, ಒಂದು ಗುಂಪು ಗೆಳೆಯರ ನೆರವಿನಿಂದ, ಇನ್ನೊಂದು ತಾನಾಗಿಯೇ ಕಲಿಯುತ್ತದೆ. ಮೇಲಿನ ತರಗತಿಗಳಲ್ಲೂ ಈ ಉಪಾಯ ನಡೆಯುತ್ತದೆ. ಒಂದೇ ಎಚ್ಚರಿಕೆಯೆಂದರೆ, ಕಲಿಸುವ ಮಗು ಯಾವಾಗಲೂ ಅದೇ ಜಾಣನಾಗಬಾರದು.

ಹೊರಗಿನ ಪಾಠಕ್ಕೂ ನಮ್ಮೂರಿನಲ್ಲಿ ಬರವಿಲ್ಲ. ಶಾಲೆಯಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನಡುಹಗಲಿನ ನೆರಳು ಗುರುತಿಸಲು ಹೇಳಿ. ಬೀದರ್ ಇರುವುದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಮೋಡ ಸರಿದ ದಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜುಲೈ ಕೊನೆ, ಆಗಸ್ಟ್ ಮೊದಲ ದಿನಗಳಲ್ಲಿ ಒಮ್ಮೆ ನೆರಳೇ ಇರುವುದಿಲ್ಲ. ಆಮೇಲೆ ಉತ್ತರಕ್ಕೆ ಹೊರಳುತ್ತದೆ. ಕುಳಿತಲ್ಲಿ ಕೂರದ ಹುಡುಗನಿಗೆ ಈ ಕೋಲಿನ ಹೊಣೆ ಕೊಟ್ಟು ನೋಡಿ.

ಬಿದರಿ ಕುಶಲಕರ್ಮಿಗಳ ಅಂಗಡಿಗೋ, ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದರಸಾಕ್ಕೋ ಮಕ್ಕಳನ್ನು ಕರೆದೊಯ್ಯುವಾಗ ನೂಕುನುಗ್ಗಲು ಸಾಮಾನ್ಯ. ಹೊರಡುವ ಮೊದಲು ಪ್ರತಿ ಮಗುವಿಗೂ ಬೇರೆ ಬೇರೆ ಪ್ರಶ್ನೆಯ ಚೀಟಿ ಕೊಡಿ. ಸತು, ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಹಚ್ಚಿದರೆ ಅದು ಕಪ್ಪಾಗುತ್ತದೆ. ಆದರೆ ಒಳಗೆ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುವುದು ಯಾಕೆ? ಮದರಸಾದ ಗೋಡೆಯ ಹಂಚುಗಳಲ್ಲಿ ಎಷ್ಟು ಬಣ್ಣ? ಕೈಯಲ್ಲಿ ಪ್ರಶ್ನೆ ಹಿಡಿದ ಮಗು ಓಡುವುದಿಲ್ಲ, ಹುಡುಕುತ್ತದೆ.

<b>ತಡವಾಗಿ ಮರಳಿ ಬಂದವನು</b>

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಒಂದು ದಿನ. ದುಡಿಮೆಗಾಗಿ ತಂದೆತಾಯಿಯೊಂದಿಗೆ ಹೈದರಾಬಾದಿಗೋ, ಪುಣೆಗೋ, ಕಬ್ಬಿನ ಗದ್ದೆಗೋ ಹೋದ ಮಗು ಎರಡು ಮೂರು ತಿಂಗಳ ನಂತರ ಬಾಗಿಲಲ್ಲಿ ಬಂದು ನಿಲ್ಲುವ ದಿನ ಅದು. ಎಲ್ಲರ ಮುಂದೆ "ಇಷ್ಟ್ ದಿನ ಎಲ್ಲಿಗಿ ಹೋಗಿದ್ದಿ?" ಎಂಬ ಒಂದು ಪ್ರಶ್ನೆ, ಅದಕ್ಕೆ ನಾಲ್ಕು ಮಕ್ಕಳ ನಗೆ, ಇಷ್ಟಾದರೆ ಸಾಕು. ಮರುದಿನ ಆ ಮಗು ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ಭಾಲ್ಕಿಯಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಹೀಗೆ ಜನವರಿಯಲ್ಲಿ ಮರಳಿ ಬಂದ. ಅವನ ಜಾಗ ಖಾಲಿ ಇರಿಸಿದ್ದೆವು. ಗೋಡೆಯ ಹೊಣೆಪಟ್ಟಿಯಿಂದ ಹೆಸರು ತೆಗೆದಿರಲಿಲ್ಲ. ಪಕ್ಕದ ಗೆಳೆಯನಿಗೆ ಅವನ ಪಾಲಿನ ನೋಟ್ಸ್ ಬರೆದಿಡಲು ಹೇಳಿತ್ತು. ಮೂರು ದಿನ ಹುಡುಗ ಮಾತಾಡಲಿಲ್ಲ. ನಾಲ್ಕನೇ ದಿನ ನೀರಿನ ಗುಣಗಳ ಪಾಠದಲ್ಲಿ "ನೀರು ತನ್ನ ಮಟ್ಟ ತಾನೇ ಕಂಡುಕೊಳ್ಳುತ್ತದೆ" ಎಂಬ ವಾಕ್ಯ ಬಂತು. ಹುಡುಗ ಕೈ ಎತ್ತಿದ. "ಗೌಂಡಿಗಳು ಹಿಂಗೇ ನೋಡ್ತಾರ್ರಿ ಸರ, ಪೈಪಿನಾಗ."

ಕಟ್ಟಡದ ಕೆಲಸದಲ್ಲಿ ತಂದೆಯ ಜೊತೆ ಅವನು ಅದನ್ನು ಹಿಡಿದಿದ್ದ. ಮರುದಿನ ಪಾರದರ್ಶಕ ಪೈಪು ತರಿಸಿ ಅವನ ಕೈಗೇ ಕೊಟ್ಟೆವು. ನೀರು ತುಂಬುವುದು, ಒಳಗಿನ ಗಾಳಿಗುಳ್ಳೆ ಹೊರಗೆ ಬಿಡುವುದು, ಒಂದು ತುದಿ ಈ ಗೋಡೆಗೆ, ಇನ್ನೊಂದು ತುದಿ ಆ ಗೋಡೆಗೆ ಹಿಡಿದು ಗುರುತು ಹಾಕುವುದು. ಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ ಎಂಬುದು ಪಠ್ಯದಲ್ಲಿ ಇರಲಿಲ್ಲ, ಅವನಿಗೆ ಗೊತ್ತಿತ್ತು. ಅಲ್ಲಿಂದ ಮಾತು ಬೀದರ್‌ನ ಬಹಮನಿ ಕಾಲದ ಕರೇಜಿಗೆ ಹೋಯಿತು. ನೆಲದೊಳಗಿನ ಆ ಸುರಂಗದಲ್ಲಿ ಯಾವ ಯಂತ್ರವೂ ಇಲ್ಲದೆ, ಬರೀ ಇಳಿಜಾರಿನ ಬಲದಿಂದ ನೀರು ಹರಿಸಿದವರು ಮಟ್ಟವನ್ನು ಹೇಗೆ ನೋಡಿರಬೇಕು? ಆ ದಿನದ ಚರ್ಚೆಗೆ ಗಂಟೆ ಹೊಡೆದದ್ದೂ ಮಕ್ಕಳಿಗೆ ಕೇಳಿಸಲಿಲ್ಲ. ಹುಡುಗ ಏಪ್ರಿಲ್‌ವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಎಂಟನೇ ತರಗತಿಗೂ ಬಂದ.

ಎಲ್ಲ ಮಕ್ಕಳ ಕಥೆಯೂ ಹೀಗೆ ಮುಗಿಯುವುದಿಲ್ಲ. ಮತ್ತೆ ಊರು ಬಿಟ್ಟವರೂ ಇದ್ದಾರೆ. ಆದರೆ ಬಾಗಿಲಲ್ಲಿ ನಿಂತ ಮಗುವಿಗೆ ಮೊದಲ ದಿನ ಏನು ಸಿಗುತ್ತದೆ ಎಂಬುದು ನಮ್ಮ ಕೈಯಲ್ಲಿದೆ.

<b>ಪಾಲಕರಿಗೆ, ಮಕ್ಕಳಿಗೆ</b>

ಪಾಲಕರೇ, ನಿಮ್ಮಿಂದ ಬೇಕಾದದ್ದು ಹೆಚ್ಚಿಲ್ಲ. ಮಗು ಸಂಜೆ ಮನೆಗೆ ಬಂದಾಗ "ಎಷ್ಟು ಮಾರ್ಕ್ಸ್ ಬಂತು?" ಎನ್ನುವ ಬದಲು "ಇವತ್ತು ಏನು ಕೇಳಿದಿ?" ಎಂದು ವಿಚಾರಿಸಿ. ಉತ್ತರಕ್ಕೆ ಮೂರರವರೆಗೆ ಎಣಿಸಿ ಕಾಯಿರಿ. ರಾತ್ರಿ ಒಂದು ಗಂಟೆ ಟಿ.ವಿ., ಮೊಬೈಲು ಎರಡೂ ಮುಚ್ಚಿರಲಿ, ನಿಮ್ಮದೂ ಸೇರಿ. ರಾಶಿಯ ಕಾಲದಲ್ಲಿ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಕೆನಿಸಿದರೆ ಸಾಲಿ ಬಿಟ್ಟ ಮೇಲೆ ಕರೆದೊಯ್ಯಿರಿ. ದುಡಿಯಲು ಊರು ಬಿಡುವ ಪ್ರಸಂಗ ಬಂದರೆ ಹೋಗುವ ಮೊದಲು ಮಾಸ್ತರರಿಗೆ ಒಂದು ಮಾತು ಹೇಳಿ. ಅಜ್ಜಿ, ಮುತ್ಯಾ ಊರಲ್ಲಿದ್ದರೆ ಮಗುವನ್ನು ಅವರ ಹತ್ತಿರ ಬಿಡಲು ಸಾಧ್ಯವೇ ಎಂದು ಇಬ್ಬರೂ ಕೂಡಿ ಯೋಚಿಸೋಣ. ಮಗುವಿನ ತಪ್ಪು ಹೇಳಲು ಶಿಕ್ಷಕರು ಕರೆದಾಗ ಅಲ್ಲಿಯೇ ಎಲ್ಲರ ಮುಂದೆ ಅದರ ಕೆನ್ನೆಗೆ ಹೊಡೆಯಬೇಡಿ. ಕಾಯ್ದೆ ನಮ್ಮ ಕೈಯಿಂದ ಕಿತ್ತುಕೊಂಡ ಬೆತ್ತ ನಿಮ್ಮ ಕೈಗೆ ಬಂದರೆ ಮಗುವಿಗೆ ಏನು ಲಾಭವಾಯಿತು?

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ನಾಳೆ ತರಗತಿಯಲ್ಲಿ ಸುತ್ತ ಒಮ್ಮೆ ನೋಡಿ. ಈ ವಾರ ಒಂದು ಮಾತನ್ನೂ ಆಡದ ಗೆಳೆಯ, ಗೆಳತಿ ಯಾರು? ಹೊಸದಾಗಿ ಮರಳಿ ಬಂದವರು ಯಾರು? ಊಟದ ಹೊತ್ತಿನಲ್ಲಿ ಅವರ ಪಕ್ಕ ಕುಳಿತು ಏನಾದರೂ ಕೇಳಿ. ನಿಮಗೆ ಗೊತ್ತಿಲ್ಲದ್ದೊಂದು ಅವರಿಗೆ ಖಂಡಿತ ಗೊತ್ತಿರುತ್ತದೆ.